ನಾಗಾಲೋಟ

ನಾಗಾಲೋಟ ಎಂಬುದು ಅತಿವೇಗದ ಓಟವನ್ನು ಸೂಚಿಸುವ ಕನ್ನಡ ನಾಮಪದ. ಕುದುರೆ ಮೊದಲಾದ ನಾಲ್ಕು ಕಾಲಿನ ಪ್ರಾಣಿಗಳು ಪೂರ್ಣ ವೇಗದಿಂದ ಓಡುವುದು ಇದರ ಮೂಲಾರ್ಥ.

ಪದದ ನಿಷ್ಪತ್ತಿ

ಮೊದಲೆರಡು ಅಕ್ಷರಗಳು ‘ನಾಗ’ ಎಂಬಂತೆ ತೋರಿದರೂ ಈ ಪದಕ್ಕೂ ಹಾವಿಗೂ ಸಂಬಂಧವಿಲ್ಲ. ಇದರಲ್ಲಿರುವುದು ನಾಲ್ಕು, ಕಾಲು, ಓಟ ಎಂಬ ಮೂರು ಅಚ್ಚಗನ್ನಡ ಪದಗಳು. ಸಮಾಸದಲ್ಲಿ ‘ನಾಲ್ಕು’ ಎಂಬುದು ‘ನಾಲ್’ ಎಂದು ಮೊಟಕಾಗುತ್ತದೆ. ನಾಲ್ದೆಸೆ, ನಾಲ್ಮಡಿ ಎಂಬಲ್ಲಿಯೂ ಇದನ್ನು ಕಾಣಬಹುದು. ಮುಂಗಾಲು, ಹಿಂಗಾಲುಗಳಲ್ಲಿರುವಂತೆ ಇಲ್ಲಿಯೂ ‘ಕಾಲು’ ಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಬಳಿಕ ಲಕಾರವು ಬಿದ್ದುಹೋಗಿ ‘ನಾಗಾಲು’ ಎಂಬ ರೂಪ ಉಳಿಯುತ್ತದೆ. ನಾಗಾಲು + ಓಟ = ನಾಗಾಲೋಟ; ಇದು ಲೋಪಸಂಧಿ. ‘ಆಡು’ ಧಾತುವಿನಿಂದ ಆಟ, ‘ನೋಡು’ ಧಾತುವಿನಿಂದ ನೋಟ ಆಗುವಂತೆ ‘ಓಡು’ ಧಾತುವಿನಿಂದ ‘ಓಟ’ ಆಗಿದೆ.

ಕುದುರೆಯ ಓಟ

ಕುದುರೆಯ ನಡೆಗಳಲ್ಲಿ ಅತ್ಯಂತ ವೇಗವಾದುದು ನಾಗಾಲೋಟ. ಇದರ ವೇಗ ಸಾಮಾನ್ಯವಾಗಿ ಗಂಟೆಗೆ 40ರಿಂದ 48 ಕಿ.ಮೀ. ಈ ಓಟದಲ್ಲಿ ನಾಲ್ಕು ಗೊರಸುಗಳೂ ಒಂದಾದ ಮೇಲೊಂದರಂತೆ ನೆಲವನ್ನು ತಾಕುವುದರಿಂದ ನಾಲ್ಕು ಸಪ್ಪಳಗಳು ಕೇಳಿಸುತ್ತವೆ. ಅನಂತರ ಕ್ಷಣಕಾಲ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ.

ಇಂದಿನ ಬಳಕೆ

ಪತ್ರಿಕೆಗಳಲ್ಲಿ ಈ ಪದವು ಹೆಚ್ಚಾಗಿ ಲಾಕ್ಷಣಿಕವಾಗಿ ಬಳಕೆಯಾಗುತ್ತದೆ. ಚಿನ್ನದ ಬೆಲೆಯ ನಾಗಾಲೋಟ, ಷೇರುಪೇಟೆಯ ನಾಗಾಲೋಟ, ತಂಡದ ಗೆಲುವಿನ ನಾಗಾಲೋಟ ಎಂಬ ಪ್ರಯೋಗಗಳಲ್ಲಿ ‘ತಡೆಯಿಲ್ಲದ ಮುನ್ನಡೆ’ ಎಂಬ ಅರ್ಥವಿದೆ. ‘ಬೆಲೆಗಳ ನಾಗಾಲೋಟಕ್ಕೆ ಕಡಿವಾಣ’ ಎಂಬ ಮಾತಿನಲ್ಲಿ ಮೂಲದ ಕುದುರೆಯ ಚಿತ್ರವು ಇಂದಿಗೂ ಉಳಿದುಬಂದಿದೆ.