ವೈದ್ಯಕೀಯ ಪರಿಭಾಷೆ

ಅಂಗ, ರೋಗ, ಪರೀಕ್ಷೆ, ಚಿಕಿತ್ಸೆಗಳನ್ನು ಸೂಚಿಸಲು ವೈದ್ಯರು, ದಾದಿಯರು, ಔಷಧ ವ್ಯಾಪಾರಿಗಳು ಬಳಸುವ ಪದಸಂಪತ್ತು. ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದ್ದು. ಒಂದೇ ಅಂಗಕ್ಕೆ ಎರಡೂ ಭಾಷೆಗಳ ಧಾತುಗಳು ಉಳಿದುಕೊಂಡಿರುವುದು ಹೊಸಬರನ್ನು ಗೊಂದಲಕ್ಕೆ ದೂಡುತ್ತದೆ: ‘ರೀನಲ್’, ‘ನೆಫ್ರೈಟಿಸ್’ ಎರಡೂ ಮೂತ್ರಪಿಂಡಕ್ಕೆ ಸೇರಿದವು.

ಈ ಪದಗಳನ್ನು ಉರುಹೊಡೆಯುವುದಕ್ಕಿಂತ ಬಿಡಿಸಿ ಓದುವುದು ಲೇಸು. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ‘ಎಮಿಯ’ ಬಂದರೆ ರಕ್ತದ ಸ್ಥಿತಿ. ಮೊದಲಲ್ಲಿ ‘ಹೈಪರ್’ ಇದ್ದರೆ ಹೆಚ್ಚು, ‘ಹೈಪೊ’ ಇದ್ದರೆ ಕಡಿಮೆ. ಹೈಪೊಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಕುಸಿದಿದೆ ಎಂದರ್ಥ. ಅದನ್ನು ‘ಹೈಪರ್’ ಎಂದು ಕೇಳಿಸಿಕೊಂಡು ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಕಲಿಕೆಯಲ್ಲಿ ಈ ಜೋಡಿಗೇ ಮೊದಲ ಸ್ಥಾನ ಸಲ್ಲಬೇಕು.

ಪದಗಳನ್ನು ಅಂಗವ್ಯೂಹಗಳ ಪ್ರಕಾರ ಗುಂಪುಮಾಡಿ ಕಲಿಯುವುದೂ ಉಂಟು. ಪಠ್ಯಗಳು ದೇಹವನ್ನು ಸಾಮಾನ್ಯವಾಗಿ 11 ವ್ಯೂಹಗಳಾಗಿ ವಿಂಗಡಿಸುತ್ತವೆ: ಚರ್ಮ, ಅಸ್ಥಿಪಂಜರ, ಸ್ನಾಯು, ನರ, ನಿರ್ನಾಳ ಗ್ರಂಥಿ, ರಕ್ತಪರಿಚಲನೆ, ದುಗ್ಧರಸ, ಉಸಿರಾಟ, ಜೀರ್ಣಾಂಗ, ಮೂತ್ರಾಂಗ, ಜನನಾಂಗ. ಇದು ಅಧ್ಯಯನದ ಅನುಕೂಲಕ್ಕೆ ಮಾಡಿದ ವಿಂಗಡಣೆ. ದೇಹದಲ್ಲಿ ಗಡಿಗಳು ಅಷ್ಟು ಸ್ಪಷ್ಟವಲ್ಲ: ಮೇದೋಜೀರಕ ಗ್ರಂಥಿ ಜೀರ್ಣರಸವನ್ನೂ ಇನ್ಸುಲಿನ್ ಹಾರ್ಮೋನನ್ನೂ ತಯಾರಿಸಿ ಎರಡು ವ್ಯೂಹಗಳಲ್ಲಿ ದುಡಿಯುತ್ತದೆ.

ಒಂದೇ ಅಂಗಕ್ಕೆ ಊರಿಗೊಂದು ಹೆಸರು ಚಾಲ್ತಿಯಲ್ಲಿದ್ದುದನ್ನು ಸರಿಪಡಿಸಲು ಅಂಗರಚನಾ ತಜ್ಞರು 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಏಕರೂಪದ ಲ್ಯಾಟಿನ್ ಪಟ್ಟಿಯನ್ನು ಒಪ್ಪಿದರು. 1998ರಲ್ಲಿ ಪ್ರಕಟವಾದ ‘ಟರ್ಮಿನೊಲೊಜಿಯ ಅನಟಾಮಿಕ’ ಎಂಬ ಪದಪಟ್ಟಿ ಅದೇ ಪರಂಪರೆಯದು. ಕನ್ನಡದಲ್ಲಿ ವೈದ್ಯಕೀಯ ಪದಗಳನ್ನು ರೂಪಿಸಿ ಕೋಶಕ್ಕಿಳಿಸಿದವರಲ್ಲಿ ಡಾ. ಡಿ. ಎಸ್. ಶಿವಪ್ಪನವರು ಪ್ರಮುಖರು.