ತಂಗಳು ಪಾಸ್ತಾದ ಚರಿತ್ರೆ

ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಚರಿತ್ರೆ ಹೇಳುತ್ತ ಬಂದಿರುವ ನನಗೆ ಒಂದು ಕೊರಗಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರು ಯುದ್ಧಕ್ಕೆ ಹೋಗುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ. ಆದರೆ ಯಾರೂ ಊಟ ಮಾಡುವುದಿಲ್ಲ! ಉಂಡು ಉಳಿದದ್ದನ್ನು ಮರುದಿನ ಏನು ಮಾಡಿದರು ಎಂಬುದಂತೂ ದೂರದ ಮಾತು. ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮಗೆ ಗೊತ್ತು, ಮನೆ ನಡೆಸುವ ಜಾಣ್ಮೆ ಇರುವುದು ಅಲ್ಲಿಯೇ. ಹಾಗಾಗಿಯೇ ಇಟಲಿಯ ನೇಪಲ್ಸ್ ನಗರದವರು ಉಳಿದ ಪಾಸ್ತಾವನ್ನು ಏನು ಮಾಡುತ್ತಾರೆ ಎಂದು ಓದಿದಾಗ, ಅದು ನನಗೆ ಪಕ್ಕದ ಮನೆಯ ಮಾತಿನಂತೆ ಕೇಳಿಸಿತು.

ಅವರು ಅದಕ್ಕೆ ಮೊಟ್ಟೆ ಸೇರಿಸಿ ಫ್ರಿಟಾಟಾ ಮಾಡುತ್ತಾರೆ. ಬಾಣಲೆಯಲ್ಲಿ ಹುರಿದದ್ದು ಎಂದು ಆ ಹೆಸರಿನ ಅರ್ಥ. ಆಮ್ಲೆಟ್ಟಿಗೆ ಅಕ್ಕನೆನ್ನಬಹುದಾದ ದಪ್ಪನೆಯ ತಿಂಡಿ. ಮೊಟ್ಟೆ ಮುಟ್ಟದ ಓದುಗರು ಮುನಿಯಬಾರದು. ನಾನು ಹೇಳಹೊರಟಿರುವುದು ಚರಿತ್ರೆಯನ್ನು.

ನೇಪಲ್ಸಿನವರು ಮೊದಲಿನಿಂದಲೂ ಪಾಸ್ತಾ ತಿನ್ನುವವರಲ್ಲ. ಕೋಸು, ಸೊಪ್ಪುಗಳನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಅವರಿಗೆ 'ಎಲೆ ತಿನ್ನುವವರು' ಎಂಬ ಅಡ್ಡಹೆಸರಿತ್ತು. 17ನೆಯ ಶತಮಾನದಲ್ಲಿ, ಸ್ಪೇನಿನ ಆಳ್ವಿಕೆಯ ಕಾಲಕ್ಕೆ, ನಗರದಲ್ಲಿ ಜನ ಕಿಕ್ಕಿರಿದರು. ಮಾಂಸ ಬಡವರ ಕೈಗೆ ಎಟುಕದಾಯಿತು. ಅದೇ ಹೊತ್ತಿಗೆ ಹಿಟ್ಟು ನಾದುವ, ಒತ್ತುವ ಯಂತ್ರಗಳು ಬಳಕೆಗೆ ಬಂದು ಪಾಸ್ತಾ ಅಗ್ಗವಾಯಿತು. ಎಲೆ ತಿನ್ನುವವರು 'ಮ್ಯಾಕರೋನಿ ತಿನ್ನುವವರು' ಆದರು. ಬೀದಿಯಲ್ಲಿ ಬೇಯಿಸಿ, ಮೇಲೆ ಒಂದಿಷ್ಟು ಚೀಸ್ ತುರಿದು ಕೊಟ್ಟರೆ ಜನ ಕೈಯಲ್ಲೇ ಎತ್ತಿ ತಿನ್ನುತ್ತಿದ್ದರು. ದಿನವೂ ಪಾಸ್ತಾ ಬೇಯುವ ಮನೆಯಲ್ಲಿ ಒಂದು ಹಿಡಿ ಉಳಿಯದೆ ಇರುತ್ತದೆಯೇ? ಆ ಹಿಡಿಯಿಂದ ಹುಟ್ಟಿದ ತಿಂಡಿಯನ್ನು ಇಂದಿಗೂ ಅಲ್ಲಿನವರು ತುಂಡುಮಾಡಿ ಸಮುದ್ರದಂಡೆಗೆ ಬುತ್ತಿ ಒಯ್ಯುತ್ತಾರೆ. ಈಸ್ಟರ್ ಮರುದಿನದ ಸೋಮವಾರ ವನಭೋಜನಕ್ಕೆ ಅದು ಬೇಕೇ ಬೇಕು.

ಇದನ್ನು ಮೊದಲು ಮಾಡಿದವಳ ಹೆಸರು ಎಲ್ಲಿಯೂ ಇಲ್ಲ. ಅಡುಗೆ ಪುಸ್ತಕಗಳ ಮೇಲೆ ಇರುವ ಹೆಸರುಗಳೇ ಬೇರೆ. ಇಟಲಿಯ ಮನೆಮನೆಯಲ್ಲೂ ಹೆಸರಾದ ಅಡುಗೆ ಪುಸ್ತಕವನ್ನು 1891ರಲ್ಲಿ ಸ್ವಂತ ಹಣದಿಂದ ಪ್ರಕಟಿಸಿದವರು ವ್ಯಾಪಾರಿಯಾಗಿದ್ದ ಪೆಲೆಗ್ರೀನೋ ಆರ್ತೂಸಿ. ಅವರ ಮನೆಯಲ್ಲಿ ಒಲೆಯ ಮುಂದೆ ನಿಂತವರಲ್ಲಿ ಮಾರಿಯೆತ್ತಾ ಸಬಾತೀನಿ ಎಂಬಾಕೆ ಒಬ್ಬಳು. ಆರ್ತೂಸಿ ಕೃತಘ್ನರಲ್ಲ. ಒಂದು ಸಿಹಿ ಬ್ರೆಡ್ಡಿಗೆ ಅವಳ ಹೆಸರಿಟ್ಟರು. 1911ರಲ್ಲಿ ತೀರಿಕೊಂಡಾಗ ಪುಸ್ತಕದ ಹಕ್ಕನ್ನು ಅವಳಿಗೂ ಇನ್ನೊಬ್ಬ ಅಡುಗೆಯವನಿಗೂ ಬಿಟ್ಟುಹೋದರು. ಆದರೂ ಹೊದಿಕೆಯ ಮೇಲಿನ ಹೆಸರು ಅವರದೇ. ಉಳಿದ ಅಡುಗೆಯನ್ನು ಬಳಸುವ ಕಲೆಯ ಬಗ್ಗೆಯೇ ಒಂದು ಪುಸ್ತಕ 1918ರಲ್ಲಿ ಬಂತು. ಅದನ್ನು ಬರೆದವರೂ ಗಂಡಸರೇ: ಒಲಿಂದೋ ಗ್ವೆರೀನಿ ಎಂಬ ಕವಿ, ಬೊಲೋನ್ಯಾ ವಿಶ್ವವಿದ್ಯಾಲಯದ ಗ್ರಂಥಪಾಲಕರು.

ನನ್ನ ಮನಸ್ಸನ್ನು ಹಿಂಡಿದ್ದು ಇನ್ನೊಬ್ಬಾಕೆಯ ಕಥೆ. ಅಮಾಲಿಯಾ ಮೊರೆತ್ತಿ ಫೋಜ್ಜಾ 1872ರಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ವೈದ್ಯಕೀಯ ಓದಿ, ಮಿಲಾನಿನಲ್ಲಿ ಮಕ್ಕಳ ವೈದ್ಯೆಯಾದರು. ಹೆಸರಾಂತ ವಾರಪತ್ರಿಕೆಯೊಂದರಲ್ಲಿ ಅವರು ಎರಡು ಅಂಕಣ ಬರೆದರು. ಆರೋಗ್ಯದ ಸಲಹೆಗೆ 'ಡಾಕ್ಟರ್ ಅಮಲ್' ಎಂಬ ಗಂಡು ಹೆಸರು. ಅಡುಗೆಯ ಅಂಕಣಕ್ಕೆ 'ಪೆಟ್ರೊನಿಲ್ಲಾ' ಎಂಬ ಹೆಣ್ಣು ಹೆಸರು. ಎರಡನ್ನೂ ಬರೆದ ಕೈ ಒಂದೇ! ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಪಾಸ್ತಾಕ್ಕೂ ಪಡಿತರ ಬಂತು. 1941ರ ಅಕ್ಟೋಬರಿನಲ್ಲಿ ತಲೆಗೆ ದಿನಕ್ಕೆ 200 ಗ್ರಾಂ ಬ್ರೆಡ್ಡು ಎಂದಾಯಿತು. ಆ ದಿನಗಳಲ್ಲಿ ಇದ್ದುದರಲ್ಲೇ ಅಡುಗೆ ಮಾಡುವುದನ್ನು ಹೆಂಗಸರಿಗೆ ಹೇಳಿಕೊಟ್ಟದ್ದು ಪೆಟ್ರೊನಿಲ್ಲಾಳ ಪುಸ್ತಕಗಳು.

ಈಗ ಫ್ರಿಟಾಟಾದ ವಿಷಯ. ಎರಡು ಬಟ್ಟಲು ಬೆಂದ ಪಾಸ್ತಾಕ್ಕೆ ನಾಲ್ಕು ಮೊಟ್ಟೆ. ಈರುಳ್ಳಿ, ಬಟಾಣಿ, ಒಂದು ಹಿಡಿ ಸೊಪ್ಪನ್ನು ಬೇರೆಯಾಗಿ ಬಾಡಿಸಿ ಸೇರಿಸಿದರೆ ಹೊಟ್ಟೆಗೆ ಹಗುರ. ಎಲೆ ತಿನ್ನುವವರೂ ಮ್ಯಾಕರೋನಿ ತಿನ್ನುವವರೂ ಒಂದೇ ಬಾಣಲೆಯಲ್ಲಿ ಕೂಡಿದಂತೆಯೂ ಆಗುತ್ತದೆ. ಉಪ್ಪು, ಮೆಣಸಿನಪುಡಿ, ತುರಿದ ಚೀಸ್ ಹಾಕಿ ಕಲಸಿ, ಎರಡು ಚಮಚ ಎಣ್ಣೆ ಕಾಯಿಸಿದ ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಬಿಡಬೇಕು. ತಳ ಕೆಂಪಾದ ಮೇಲೆ ತಟ್ಟೆ ಮುಚ್ಚಿ ಮಗುಚಿ, ಇನ್ನೊಂದು ಮಗ್ಗುಲನ್ನೂ ಬೇಯಿಸಬೇಕು. ಅವಸರ ಮಾಡಿದರೆ ಒಡೆಯುತ್ತದೆ.

ನಿಮ್ಮ ಮನೆಯಲ್ಲೂ ಇಂಥದೊಂದು ತಿಂಡಿ ಇದ್ದೇ ಇರುತ್ತದೆ. ಅಜ್ಜಿಯೋ ಅತ್ತೆಯೋ ಉಳಿದದ್ದರಿಂದ ಮಾಡಿ, ಯಾರಿಗೂ ಹೇಳದೆ ಬಡಿಸಿದ್ದು. ಅದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಅಳತೆಯ ಜೊತೆಗೆ ಅವರ ಹೆಸರನ್ನೂ ಊರನ್ನೂ ಬರೆಯಿರಿ.