ಚಿನ್ನ ಮಾಡಲು ಹೋಗಿ ಪಿಂಗಾಣಿ ಮಾಡಿದ ಕೈದಿ

ಅಂಗೈ ಅಗಲದ ಒಂದು ಪಿಂಗಾಣಿ ಗೊಂಬೆ. ಕೆನ್ನೆಗೆ ತೆಳು ಗುಲಾಬಿ, ಲಂಗದ ಮೇಲೆ ಸಾಸಿವೆಯಷ್ಟು ಸಣ್ಣ ಹೂವು, ಎಲ್ಲಾ ಕೈಯಲ್ಲೇ ಬರೆದಿದ್ದು. ಹಳೆಯ ಗೊಂಬೆ ಸಂಗ್ರಹಿಸೋರು ಇದರ ಮುಖ ನೋಡಿ ಸುಮ್ಮನಾಗಲ್ಲ, ತಿರುಗಿಸಿ ಬುಡ ನೋಡ್ತಾರೆ. ಅಡ್ಡಡ್ಡ ಇಟ್ಟ ಎರಡು ನೀಲಿ ಕತ್ತಿಗಳಿದ್ದರೆ ಅದು ಜರ್ಮನಿಯ ಮೈಸೆನ್ ಕಾರ್ಖಾನೆಯ ಗುರುತು. ಗೊಂಬೆಯೇನೋ ನಾಜೂಕು. ಅದರ ಕಥೆ ಮಾತ್ರ ಹಾಗಿಲ್ಲ.

1701ನೇ ಇಸವಿ. ಬರ್ಲಿನ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಕಲೀತಿದ್ದ ಯೋಹಾನ್ ಬ್ಯೊಟ್ಗರ್ ಅನ್ನೋ ಹುಡುಗ, ತನಗೆ ಚಿನ್ನ ಮಾಡೋ ವಿದ್ಯೆ ಗೊತ್ತು ಅಂದುಬಿಟ್ಟ. ಪ್ರಶ್ಯದ ರಾಜ ಹುಡುಕಿಸಿದಾಗ ಸ್ಯಾಕ್ಸನಿಗೆ ಓಡಿದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯ್ತು! ಅಲ್ಲಿನ ದೊರೆ ಅಗಸ್ಟಸ್, 'ಚಿನ್ನ ನನಗೇ ಮಾಡಿಕೊಡು' ಅಂತ ಅವನನ್ನು ಕೂಡಿಹಾಕಿದ.

ಚಿನ್ನ ಬರಲಿಲ್ಲ. ಆಗ ವಿಜ್ಞಾನಿ ಚಿರ್ನ್‌ಹೌಸ್ ಜೊತೆ ಅವನನ್ನು ಪಿಂಗಾಣಿ ಪ್ರಯೋಗಕ್ಕೆ ಹಚ್ಚಿದರು. ಚೀನಾ, ಜಪಾನ್‌ನಿಂದ ಬರ್ತಿದ್ದ ಗಟ್ಟಿ ಪಿಂಗಾಣಿಯ ಗುಟ್ಟು ಯುರೋಪಿಗೆ ತಿಳಿದಿರಲಿಲ್ಲ. 1708ರಲ್ಲಿ ಅದು ಸಿಕ್ಕಿತು. 1710ರಲ್ಲಿ ಮೈಸೆನ್ ಕೋಟೆಯೊಳಗೇ ಕಾರ್ಖಾನೆ ಶುರುವಾಯ್ತು, ಗುಟ್ಟು ಗೋಡೆ ದಾಟಬಾರದಲ್ಲ! ಆದರೂ 1719ರಲ್ಲಿ ಒಬ್ಬ ಕೆಲಸಗಾರ ಗುಟ್ಟಿನ ಸಮೇತ ವಿಯೆನ್ನಾಕ್ಕೆ ಪರಾರಿಯಾದ. ಅದೇ ವರ್ಷ ಬ್ಯೊಟ್ಗರ್ ಸತ್ತ, ಬರೀ 37ನೇ ವಯಸ್ಸಿಗೆ.

ದೊರೆಯ ಪಿಂಗಾಣಿ ಹುಚ್ಚು ಎಷ್ಟಿತ್ತು ಗೊತ್ತಾ? 1717ರಲ್ಲಿ ಪ್ರಶ್ಯದ ರಾಜನಿಗೆ 600 ಸೈನಿಕರನ್ನು ಕೊಟ್ಟು, ಬದಲಿಗೆ 151 ಚೀನೀ ಪಾತ್ರೆಗಳನ್ನು ತಗೊಂಡ. ಆ ಸೈನಿಕರನ್ನು ಯಾರೂ ಕೇಳಿರಲಿಲ್ಲ.

ಸರಿ, ಗೊಂಬೆಗಳು ಬಂದಿದ್ದು ಯಾವಾಗ? ಆಗಿನ ಅರಮನೆ ಔತಣಗಳಲ್ಲಿ ಮೇಜಿನ ಅಲಂಕಾರಕ್ಕೆ ಸಕ್ಕರೆ ಗೊಂಬೆ ಇಡೋ ರೂಢಿಯಿತ್ತು, ಥೇಟ್ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ. 1731ರಲ್ಲಿ ಮೈಸೆನ್ ಸೇರಿದ ಶಿಲ್ಪಿ ಯೋಹಾನ್ ಕೆಂಡ್ಲರ್ ಆ ಜಾಗಕ್ಕೆ ಪಿಂಗಾಣಿ ಗೊಂಬೆ ತಂದ. ವಿದೂಷಕರು, ಪ್ರೇಮಿಗಳು, ವಾದ್ಯ ನುಡಿಸೋ ಕೋತಿಗಳ ತಂಡ. ಕೈ, ಕಾಲು, ತಲೆ ಬೇರೆಬೇರೆ ಅಚ್ಚಿನಲ್ಲಿ ತೆಗೆದು, ಜೇಡಿನೀರಿನಿಂದ ಅಂಟಿಸಿ, ಸುಟ್ಟು, ಹೊಳಪು ಕೊಟ್ಟು, ಬಣ್ಣ ಬರೆದು ಮತ್ತೆ ಸುಡಬೇಕು.

ಸಂಗ್ರಹಕಾರರಿಗೆ ಇಲ್ಲೊಂದು ಎಚ್ಚರಿಕೆ: ಆ ನೀಲಿ ಕತ್ತಿಗಳನ್ನು ನಕಲು ಮಾಡಿದವರು ಬೇಕಾದಷ್ಟು ಜನ. ಗುರುತೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಅಚ್ಚಿನ ಅಂಚು, ಬೆರಳಿನ ತುದಿ, ಬಣ್ಣದ ಕೆಲಸ ನೋಡಿ.

ಹಾಗೇ, ಈ ಕತ್ತಿ ಗುರುತು ಆ ದೊರೆಯ ಮನೆತನದ ಲಾಂಛನದಿಂದ ಬಂದಿದ್ದು. ಕೂಡಿಹಾಕಿದವನ ಗುರುತು ಬುಡದಲ್ಲಿದೆ. ಒಳಗಿದ್ದು ಮಣ್ಣು ಹದ ಮಾಡಿದವನ ಹೆಸರು ಅಲ್ಲಿಲ್ಲ.